ಚೆಲುವಿಯನ್ನು ನಾಗಪುರಕ್ಕೆ ಕರೆದೊಯ್ದ ಬೇಸಿಗೆ

ಉಪ್ಪು, ಖಾರ, ಒಗ್ಗರಣೆ ಯಾವುದೂ ಇಲ್ಲದೆ ರಾಗಿಹಿಟ್ಟಿನಲ್ಲಿ ಕುರಿತಲೆ ಬೇಯುವ ವಾಸನೆ ಬಂದರೆ ಆ ಮನೆಯಲ್ಲಿ ದೊಡ್ಡ ನಾಯಿ ಇದೆ ಎಂದು ತಿಳಿಯಬೇಕು. ಮನುಷ್ಯರಿಗೆ ಯಾರೂ ಹಾಗೆ ಬೇಯಿಸುವುದಿಲ್ಲ. ಆಸ್ಪತ್ರೆಯ ಗಂಜಿಗೂ ಒಂದು ಚಿಟಿಕೆ ಉಪ್ಪು ಬೀಳುತ್ತದೆ.

ಹೋದ ವಾರ ವೈಯಾಲಿಕಾವಲ್‌ನ ಅಪಾರ್ಟ್‌ಮೆಂಟೊಂದರ ವಾರ್ಷಿಕೋತ್ಸವಕ್ಕೆ ನನ್ನನ್ನು ಮಿಮಿಕ್ರಿ ಮಾಡಲು ಕರೆದಿದ್ದರು. ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದೆ. ಪಕ್ಕದ ಮನೆಯ ಕಿಟಕಿಯಿಂದ ಆ ವಾಸನೆ ಬಂತು. ಅಲ್ಲೇ ನಿಂತುಬಿಟ್ಟೆ. ಸೆಕ್ರೆಟರಿ ಓಡಿಬಂದು, "ಬನ್ನಿ ಸಾರ್, ಜನ ಕೂತಾಯ್ತು, ವಡೆ ಬೇರೆ ಖಾಲಿ ಆಗ್ತಿದೆ" ಅಂದರು. ವೇದಿಕೆ ಹತ್ತಿ ಟ್ರಾಫಿಕ್ ಪೊಲೀಸು, ಮದುವೆಮನೆ ಫೋಟೋಗ್ರಾಫರು, ಮೈಕು ಬಿಡದ ಅಧ್ಯಕ್ಷರು, ಎಲ್ಲ ಮಾಡಿದೆ. ಮುಂದಿನ ಸಾಲಿನ ಮಗುವೊಂದು "ಅಂಕಲ್, ನಾಯಿ ಮಾಡಿ" ಅಂತು. ನನ್ನ ಅತಿ ಹೆಸರುವಾಸಿ ಐಟಂ ಅದು. ಗಂಟಲು ಸರಿಯಿಲ್ಲ ಮರಿ ಅಂದೆ. ಅದೇ ಗಂಟಲಲ್ಲಿ ಮತ್ತೆ ಅರ್ಧ ಗಂಟೆ ಕಿರುಚಿದೆ.

ಆ ವಾಸನೆ ನನಗೆ ಚಾಮರಾಜಪೇಟೆಯದು, ನನ್ನ ಸೋದರಮಾವನ ಮನೆಯದು. ಡಿಗ್ರಿ ಮುಗಿದೂ ಮುಗಿಯದಂತಿದ್ದ ವರ್ಷ ಅದು: ಕಾಲೇಜು ನನ್ನನ್ನು ಬಿಟ್ಟಿತ್ತು, ಅಕೌಂಟೆನ್ಸಿ ಬಿಟ್ಟಿರಲಿಲ್ಲ. ಗಣೇಶನ ಪೆಂಡಾಲುಗಳಲ್ಲಿ ಊರಿನವರ ದನಿಯನ್ನೆಲ್ಲ ಕದ್ದು ಮಾರುತ್ತಿದ್ದೆ. ಮಿಕ್ಕ ಹೊತ್ತಿನಲ್ಲಿ ಮಾವನ ಮನೆಯ ಅನ್ನ ತಿನ್ನುತ್ತಾ ಅವರನ್ನೇ ಅಣಕಿಸುತ್ತಿದ್ದೆ.

ಮುನಿರಾಜು ಮಾವನಿಗೆ ತರಗುಪೇಟೆಯಲ್ಲಿ ಬೇಳೆ ಮಂಡಿ. "ಬೇಳೆ ಹೊಟ್ಟೆಗೆ, ಬಾಕ್ಸರ್ ಮರ್ಯಾದೆಗೆ" ಅನ್ನೋದು ಅವರ ಮಾತು. ಬಾಕ್ಸರ್ ಅಂದರೆ ನಾಯಿ. ಚಪ್ಪಟೆ ಮೂತಿ, ಜೋತುಬಿದ್ದ ಕೆನ್ನೆ, ಸದಾ ಸುರಿಯುವ ಜೊಲ್ಲು, ಪರೀಕ್ಷೆಗೆ ತಡವಾಗಿ ಬಂದವನ ಹಣೆಯ ಮೇಲಿರುವಂಥ ಸುಕ್ಕು. ಮಾವ ಹುಡುಗನಾಗಿದ್ದಾಗ, ಊರು ಬಿಟ್ಟು ಹೊರಟಿದ್ದ ಮಿಲಿಟರಿ ಆಫೀಸರೊಬ್ಬರಿಂದ ಒಂದು ಹೆಣ್ಣುಮರಿ ತಂದರಂತೆ. ಅದರ ಮಗಳು, ಮಗಳ ಮಗಳು, ಹೀಗೆ ಹೆಣ್ಣಿನಿಂದ ಹೆಣ್ಣಿಗೆ ಇಳಿದು ಬಂದ ಸಾಲು. ನಡುಮನೆಯ ಗೋಡೆಯ ಮೇಲೆ ಅವರೆಲ್ಲರ ಫೋಟೋ ಇತ್ತು, ಒಂದೊಂದಕ್ಕೂ ಗಂಧದ ಹಾರ. ಆ ಸಾಲಿನ ನಡುವೆ ನಮ್ಮ ಅಜ್ಜಿಯ ಫೋಟೋ. ಹೊಸದಾಗಿ ಬಂದ ನೆಂಟರು ಕೈಮುಗಿಯಲು ಶುರುಮಾಡಿದರೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗದೆ ಎಲ್ಲರಿಗೂ ಮುಗಿಯುತ್ತಿದ್ದರು. ಅಜ್ಜಿ ಬದುಕಿದ್ದಾಗ ಆ ನಾಯಿಗಳನ್ನು ಹತ್ತಿರ ಬಿಟ್ಟುಕೊಂಡವಳಲ್ಲ.

ಮಾವನ ಹೆಂಡತಿ ಜಯತ್ತೆ. ನಾಯಿಗೆ ಗಂಜಿ ಬೇಯಿಸುವವಳು ಅವಳು, ಹೆರಿಗೆ ಮಾಡಿಸುವವಳು ಅವಳು, ಹಾಲು ಸಿಗದ ಮರಿಗೆ ಬಾಟಲಿ ಹಿಡಿಯುವವಳು ಅವಳು. ಹಾರ ಹಾಕುವುದಷ್ಟೇ ಮಾವನ ಕೆಲಸ. ಅವರಿಗೆ ಮಕ್ಕಳಿರಲಿಲ್ಲ. ಅದು ಅತ್ತೆಯ ದೋಷ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತಿತ್ತು. ಯಾರು ಹೇಳಿದರು, ಯಾವಾಗ ಹೇಳಿದರು ಅಂತ ಯಾರಿಗೂ ಗೊತ್ತಿರಲಿಲ್ಲ. ಮದುವೆಯಾದ ಮೇಲೆ ವರ್ಷಗಟ್ಟಲೆ ಅತ್ತೆ ಆಸ್ಪತ್ರೆಗಳಿಗೆ ಅಲೆದಳು, ಅದೇನೋ ಕೊಯ್ಸಿಕೊಂಡಳು, ಹರಕೆ ಹೊತ್ತಳು. ಮಾವ ಆಸ್ಪತ್ರೆಯ ಹೊರಗೆ ಸ್ಕೂಟರ್ ಮೇಲೆ ಕೂತು ಕಾಯುತ್ತಿದ್ದರಂತೆ. ಎಷ್ಟು ಹೊತ್ತಾದರೂ ಬೇಜಾರು ಮಾಡಿಕೊಳ್ಳದೆ ಕಾಯುತ್ತಿದ್ದರು ಅಂತ ನಮ್ಮಮ್ಮ ತನ್ನ ತಮ್ಮನನ್ನು ಹೊಗಳುತ್ತಿದ್ದಳು.

ಮನೆಯಲ್ಲಿ ಎಲ್ಲರ ದನಿಯೂ ನನಗೆ ಬರುತ್ತಿತ್ತು. ಮಾವನದು ಬಹಳ ಸುಲಭ. ಅವರಿಗೆ ಯಾವ ಅಡುಗೆಗೂ ಉಪ್ಪು ಒಂದು ಕಲ್ಲು ಹೆಚ್ಚೇ ಬೇಕು, ತಟ್ಟೆಗೆ ಕೈಹಾಕುವ ಮೊದಲೇ "ಜಯಾ, ಉಪ್ಪು" ಅನ್ನಬೇಕು. ಆ ಎರಡು ಪದವನ್ನು ಮೂಗಿನಿಂದ ಎಳೆದರೆ ಸಾಕು, ಇಡೀ ನೆಂಟರ ಬಳಗ ಬಿದ್ದು ಬಿದ್ದು ನಗುತ್ತಿತ್ತು. ಅತ್ತೆಯದು ಕಷ್ಟದ ದನಿ. ನಾಯಿಯನ್ನು ಕರೆಯುವಾಗ ಅದರಲ್ಲಿ ಏನೋ ಕರಗುತ್ತಿತ್ತು. "ಬಾ ಕಂದಾ." ಅದನ್ನು ಹಿಡಿಯಲು ನನಗೆ ತಿಂಗಳುಗಳೇ ಬೇಕಾದವು. ಒಂದು ದಿನ ಅಡುಗೆಮನೆಯ ಹಿಂದೆ ನಿಂತು ಹಾಗೆ ಕರೆದೆ. ಆಗ ಮನೆಯಲ್ಲಿದ್ದ ನಾಯಿ ಚೆಲುವಿ ಅಂಗಳದಿಂದ ಓಡಿಬಂದು ನನ್ನನ್ನು ನೋಡಿ, ಮೋಸಹೋದ ಗಿರಾಕಿಯ ಮುಖ ಮಾಡಿಕೊಂಡು ವಾಪಸ್ ಹೋದಳು. ನನ್ನ ಜೀವನದ ಮೊದಲ ದೊಡ್ಡ ಪ್ರಶಸ್ತಿ ಅದು.

ಚೆಲುವಿ ಆ ಸಾಲಿನ ಕೊನೆಯವಳು. ಅವಳ ಅಕ್ಕತಂಗಿಯರೆಲ್ಲ ಅಪಾರ್ಟ್‌ಮೆಂಟ್ ಸೇರಿ ಆಪರೇಷನ್ ಮಾಡಿಸಿಕೊಂಡು ಸುಖವಾಗಿದ್ದರು. ಚೆಲುವಿ ಹೆತ್ತಿದ್ದು ಒಂದೇ ಸಲ, ಅದೂ ಬರೀ ಗಂಡುಮರಿಗಳು. ಈಗ ಅವಳಿಗೆ ವಯಸ್ಸಾಗುತ್ತಿತ್ತು, ಮೂತಿಯ ಮೇಲೆ ಬೂದಿ ಚೆಲ್ಲಿದಂತೆ ನರೆ ಇಳಿಯುತ್ತಿತ್ತು. ಯುಗಾದಿ ಕಳೆದ ವಾರದಲ್ಲಿ ಕೆಂಪು ಗಾರೆ ನೆಲದ ಮೇಲೆ ಅವಳು ಬಿಟ್ಟ ರಕ್ತದ ಹನಿಯನ್ನು ಅತ್ತೆ ಗುರುತಿಸಿದಳು. "ಬೆದೆಗೆ ಬಂದಿದಾಳೆ ಕಣ್ರೀ" ಅಂದಳು. ಮಾವ ಮಂಡಿಗೆ ಹೋಗುವುದನ್ನು ಬಿಟ್ಟು ಕೂತರು. ಇದೇ ಕೊನೆಯ ಅವಕಾಶ. ಬೆಂಗಳೂರಿನ ಬಾಕ್ಸರ್ ಗಂಡುಗಳೆಲ್ಲ ಒಂದಲ್ಲ ಒಂದು ಲೆಕ್ಕದಲ್ಲಿ ಅವಳಿಗೆ ಅಣ್ಣತಮ್ಮಂದಿರು. ಹೊರಗಿನ ರಕ್ತ ಬೇಕು ಅಂದರೆ ನಾಗಪುರದ ದೇಶಮುಖ್ ಎಂಬ ಶ್ರೀಮಂತರ ಮನೆಯ ಸುಲ್ತಾನ್. ಶೋಗಳಲ್ಲಿ ಗೆದ್ದ ನಾಯಿ. ಮಾವ ಅದರ ವಿಡಿಯೋವನ್ನು ಮಗಳಿಗೆ ಬಂದ ಸಂಬಂಧದ ಫೋಟೋ ತೋರಿಸುವ ಹಾಗೆ ಮಂಡಿಯ ಹಮಾಲರಿಗೂ ತೋರಿಸಿದ್ದರು.

ಮೊದಲು ಮಲ್ಲೇಶ್ವರದಲ್ಲಿ ಡಾಕ್ಟರ್ ವಸುಧಾ ಅವರ ಹತ್ತಿರ ಹೋದೆವು, ನಾನು, ಮಾವ, ಅತ್ತೆ, ಚೆಲುವಿ. ನಾಗಪುರ ಅಂದ ಕೂಡಲೇ ಡಾಕ್ಟ್ರು ಪೆನ್ನು ಕೆಳಗಿಟ್ಟರು.

"ಈ ಬಿಸಿಲಲ್ಲಿ ಅಷ್ಟು ದೂರ ಕಾರಲ್ಲಿ ಯಾಕೆ ಸಾರ್? ಚಪ್ಪಟೆ ಮೂಗಿನ ನಾಯಿ, ಸೆಖೆ ತಡೆಯಲ್ಲ. ಅವರ ನಾಯೀದು ವೀರ್ಯ ತೆಗೆದು, ತಣ್ಣಗಿಟ್ಟು, ಡಬ್ಬೀಲಿ ಹಾಕಿ ವಿಮಾನದಲ್ಲಿ ಕಳಿಸ್ಲಿ. ಬೆಳಿಗ್ಗೆ ಅಲ್ಲಿ ತೆಗೆದ್ರೆ ಸಂಜೆ ಇಲ್ಲಿ ನಾನು ಹಾಕ್ತೀನಿ. ಯಾವ ದಿನ ಅಂತ ರಕ್ತಪರೀಕ್ಷೆ ಮಾಡಿ ಹೇಳ್ತೀನಿ."

"ಕೊರಿಯರಲ್ಲಾ?" ಅಂದರು ಮಾವ.

"ಕೊರಿಯರಲ್ಲೇ."

ಮಾವ ಕ್ಷಮೆ ಕೇಳುವವರ ಹಾಗೆ ಚೆಲುವಿಯ ಕಡೆ ನೋಡಿದರು. "ಡಾಕ್ಟ್ರೇ, ಹೆಣ್ಣು ಗಂಡಿನ ಮನೆಗೆ ಹೋಗೋದು ಪದ್ಧತಿ. ಗಂಡು ಡಬ್ಬೀಲಿ ಬರೋದಲ್ಲ."

ಡಾಕ್ಟ್ರು ನಕ್ಕರು. "ಪದ್ಧತಿ ನಿಮ್ಮಿಷ್ಟ. ಆದ್ರೆ ಯಾವ ದಾರಿ ಹಿಡಿದ್ರೂ ಮೊದಲು ಗಂಡುನಾಯೀದು ಪರೀಕ್ಷೆ ಆಗ್ಲಿ. ಡಬ್ಬೀಲಿ ಬಂದ್ರೆ ಹಾಕೋ ಮುಂಚೆ ನಾನೇ ಮೈಕ್ರೋಸ್ಕೋಪಲ್ಲಿ ನೋಡ್ತೀನಿ. ನೀವು ಅಲ್ಲಿಗೆ ಹೋದ್ರೆ ಯಾರೂ ನೋಡಲ್ಲ."

ಮೂಲೆಯಲ್ಲಿ ಚೆಲುವಿಯ ಹಗ್ಗ ಹಿಡಿದು ಕೂತಿದ್ದ ಅತ್ತೆ ತಲೆಯೆತ್ತಿದಳು. "ಗಂಡಿಗೂ ಪರೀಕ್ಷೆ ಇರುತ್ತಾ ಡಾಕ್ಟ್ರೇ?"

"ಅದೇ ಮೊದಲು ಅಮ್ಮಾ. ಕೊಯ್ಯೋದಿಲ್ಲ, ನೋವಿಲ್ಲ, ಸುಲಭ. ಹೆಣ್ಣಿನ ಪರೀಕ್ಷೆಗಳೇ ಕಷ್ಟ."

"ನಾಯಿಗಾ?"

"ಯಾರಿಗಾದ್ರೂ" ಅಂದರು ಡಾಕ್ಟ್ರು, ಚೆಲುವಿಯ ಕಾಲಿಂದ ರಕ್ತ ತೆಗೆಯುತ್ತಾ.

ಮಾವ ಏಳುತ್ತಾ, "ಗಂಡಿನ ಮನೆಯೋರನ್ನ ಹಂಗೆಲ್ಲ ಕೇಳೋಕಾಗಲ್ಲ ಡಾಕ್ಟ್ರೇ. ಒಂದು ಬುಟ್ಟಿ ಮರಿ ಹಿಡ್ಕೊಂಡು ಬರ್ತೀನಿ ನೋಡ್ತಿರಿ" ಅಂದರು. ವಾಪಸ್ ಬರುವಾಗ ಸಂಪಿಗೆ ರಸ್ತೆಯ ಸಿಗ್ನಲ್ಲಿನಲ್ಲಿ ನಾನು ಡಾಕ್ಟ್ರ ದನಿಯಲ್ಲಿ "ಕೊರಿಯರಲ್ಲೇ" ಅಂದೆ. ಮಾವ ಸ್ಟಿಯರಿಂಗ್ ತಟ್ಟಿ ನಕ್ಕರು. ಇಂಥದಕ್ಕೆಲ್ಲ ಅತ್ತೆ ನನ್ನ ತಲೆಗೆ ಮೊಟಕುವುದು ವಾಡಿಕೆ. ಅವತ್ತು ಅವಳು ಮನೆ ಬರುವವರೆಗೂ ಹೊರಗೇ ನೋಡುತ್ತಿದ್ದಳು.

ಮಾವ ಸುಮ್ಮನೆ ಬಿಟ್ಟುಬಿಡಲಿಲ್ಲ, ಅದನ್ನೂ ಹೇಳಬೇಕು. ದೇಶಮುಖ್‌ಗೆ ಫೋನು ಹಚ್ಚಿ, ಮಂಡಿಯ ಮಾರ್ವಾಡಿಗಳಿಂದ ಕಲಿತ ಹಿಂದಿಯಲ್ಲಿ, "ಸಾಬ್, ಥೋಡಾ ಟೆಸ್ಟು ಗಿಸ್ಟು..." ಅಂತ ರಾಗ ಎಳೆದರು. ಆ ಕಡೆಯಿಂದ ಗಂಭೀರವಾದ ದನಿ: ಸುಲ್ತಾನ್ ಚಾಂಪಿಯನ್, ಟೆಸ್ಟ್ ಬೇಕಾದರೆ ನಿಮ್ಮ ಹುಡುಗಿಗೆ ಮಾಡಿಸಿಕೊಂಡು ಬನ್ನಿ. ಫೋನಿಟ್ಟ ಮಾವನ ಮುಖ ಅರಳಿತ್ತು. "ನೋಡ್ದ್ಯೇನೋ ಗತ್ತು? ಗಂಡಿನ ಕಡೆಯೋರು ಅಂದ್ರೆ ಹಂಗಿರ್ಬೇಕು."

"ಊರಲ್ಲಿ ನಿಮ್ಮಣ್ಣನ ಹಸುಗಳಿಗೆಲ್ಲ ಇಂಜೆಕ್ಷನ್ ಕೊಡ್ಸೇ ಕರು ಆಗಿರೋದು" ಅಂದಳು ಅತ್ತೆ. "ಯಾವ ಹಸು ಗಂಡನ ಮನೆಗೆ ಹೋಗಿತ್ತು?"

"ಹಸು ಹಾಲಿಗೆ ಕಣೇ. ಇದು ವಂಶಕ್ಕೆ."

ಅತ್ತೆ ಏನೋ ಹೇಳಲು ಬಾಯಿ ತೆರೆದಳು. ಒಲೆಯ ಮೇಲೆ ಗಂಜಿ ಉಕ್ಕಿತು, ಒಳಗೆ ಹೋದಳು.

ಡಾಕ್ಟ್ರು ರಕ್ತ ನೋಡಿ ಹೇಳಿದ ದಿನಕ್ಕೆ ಸರಿಯಾಗಿ ಸೇರುವಂತೆ ಹೊರಟೆವು. ಮಂಡಿಯ ವ್ಯಾನಿನ ಹಿಂದಿನ ಸೀಟು ಬಿಚ್ಚಿ ಹಾಸಿಗೆ ಹಾಕಿದ್ದರು. ಮೊಣಕಾಲು ನೋವಿನ ಅತ್ತೆ ಅಷ್ಟು ದೂರ ಕೂರಲಾರಳು. ಹೊರಡುವ ಮುಂಚೆ ಅವಳು ಒಂದು ಹೊಸ ರವಿಕೆ ಬಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ ಕಟ್ಟಿ ಚೆಲುವಿಯ ಹಾಸಿಗೆಯ ಪಕ್ಕ ಇಟ್ಟಳು. "ನಗಬೇಡ್ವೋ, ಬರಿಗೈಲಿ ಹೆಂಗೆ ಕಳಿಸ್ಲಿ?" ಅಂದಳು. ನೆಲಮಂಗಲ ದಾಟಿಲ್ಲ ಅನ್ನುವಾಗಲೇ ಚೆಲುವಿ ಗಂಟು ಬಿಚ್ಚಿ ಬೆಲ್ಲ ತಿಂದು, ಅಕ್ಕಿಯನ್ನು ವ್ಯಾನಿನ ತುಂಬ ಚೆಲ್ಲಿದಳು. ಮಾವ ಅದನ್ನೂ ಶುಭಶಕುನ ಅಂದರು.

ಸುತ್ತುದಾರಿಯಾದರೂ ಕೊಲ್ಹಾಪುರದ ಕಡೆಯಿಂದ ಹೋಗೋಣ, ತಂಪಿರುತ್ತೆ ಅಂದಿದ್ದ ಮಾವ ತುಮಕೂರಿನಲ್ಲಿ ಮನಸ್ಸು ಬದಲಾಯಿಸಿ ಹೈದರಾಬಾದಿನ ಕಡೆ ತಿರುಗಿಸಿದರು. ಕರ್ನೂಲು ದಾಟಿದ ಮೇಲೆ ವ್ಯಾನಿನ ಏಸಿ ಬರೀ ಸದ್ದು ಮಾಡುತ್ತಿತ್ತು. ರಸ್ತೆ ಕಾದು ನೀರಿನ ಹಾಗೆ ಹೊಳೆಯುತ್ತಿತ್ತು. ಚೆಲುವಿ ನಾಲಿಗೆ ಹೊರಚಾಚಿ, ಎದೆಯ ಗೂಡು ಒಡೆದುಹೋಗುವ ಹಾಗೆ ಏದುಸಿರು ಬಿಡಲು ಶುರುಮಾಡಿದಳು. ಆ ಉಸಿರಿನ ಸದ್ದನ್ನು ನಾನು ಈಗಲೂ ಮಾಡಬಲ್ಲೆ. ಮಾಡುವುದಿಲ್ಲ. ಸಿಕ್ಕ ಕಡೆಯೆಲ್ಲ ಐಸ್ ಕೊಂಡು ಗೋಣಿಚೀಲ ನೆನೆಸಿ ಅವಳ ಮೇಲೆ ಹೊದಿಸಿದೆವು. ಮಾವ ತಮ್ಮ ಕುಡಿಯುವ ನೀರನ್ನು ಅವಳ ತಲೆಗೆ ಸುರಿದು, ಒಣಗಿದ ತುಟಿಯಲ್ಲೇ ಗಾಡಿ ಓಡಿಸಿದರು. ನಾನು ಹಿಂದೆ ಅವಳ ಪಕ್ಕ ಕೂತು ದಾರಿಯುದ್ದಕ್ಕೂ ಅತ್ತೆಯ ದನಿಯಲ್ಲಿ ಮಾತಾಡಿದೆ. "ಬಾ ಕಂದಾ, ಮಲಕ್ಕೋ, ಆಯ್ತು, ಬಂದ್ಬಿಡ್ತು." ಆ ದನಿ ಕೇಳಿದರೆ ಉಸಿರು ಸ್ವಲ್ಪ ಇಳಿಯುತ್ತಿತ್ತು. ಆದಿಲಾಬಾದಿನ ಹತ್ತಿರ ನನ್ನ ಗಂಟಲು ಕಟ್ಟಿತು. ಮಾವ ಕನ್ನಡಿಯಲ್ಲಿ ನೋಡಿ, "ನಿಲ್ಲಿಸ್ಬೇಡ್ವೋ" ಅಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ದೇಶಮುಖ್ ಅವರದು ದೊಡ್ಡ ಬಂಗಲೆ, ಒದ್ದೆ ಲಾವಂಚದ ಪರದೆ, ತಣ್ಣನೆಯ ಶರಬತ್ತು. ಮರ್ಯಾದೆಯ ಜನ. ಸುಲ್ತಾನ್ ನಿಜವಾಗಿಯೂ ರಾಜನ ಹಾಗಿದ್ದ. ನಾನೇ ಎದ್ದುನಿಂತೆ. ಚೆಲುವಿ ಮಾತ್ರ ಅವನು ಹತ್ತಿರ ಬಂದರೆ ಹಲ್ಲು ತೋರಿಸಿದಳು. ಮೂಲೆ ಸೇರಿ ಕೂತುಬಿಟ್ಟಳು. ಪ್ರಯಾಣದ ದಣಿವು ಇಳಿಯಲಿ ಅಂತ ಒಂದು ದಿನ ಕಾದರೂ ಅದೇ ಗತಿ. ದಿನ ಮೀರುತ್ತದೆ ಅಂತ ಮಾವ ಚಡಪಡಿಸಿದರು. ಕೊನೆಗೆ ನನ್ನನ್ನು ಕರೆದು, "ನಿಮ್ಮತ್ತೆ ಥರ ಮಾತಾಡು. ನಿಂತ್ಕೋತಾಳೆ" ಅಂದರು.

ನಾನು ಮಾತಾಡಿದೆ. "ಏನಿಲ್ಲ ಕಂದಾ, ನಾನಿದೀನಲ್ಲ." ಚೆಲುವಿ ಸುತ್ತ ನೋಡಿದಳು, ಆ ದನಿಯ ಒಡತಿಯನ್ನು ಹುಡುಕಿದಳು. ಆಮೇಲೆ ನಿಂತಳು. ಕೆಲಸ ಮುಗಿಯುವವರೆಗೂ ನಡುಗುತ್ತಾ ನಿಂತೇ ಇದ್ದಳು. ಮಾರನೆಯ ದಿನವೂ ಹಾಗೇ ಆಯಿತು. ದೇಶಮುಖ್ ಪೇಡಾ ಹಂಚಿದರು.

ಮನೆಗೆ ಬಂದ ದಿನ ಅತ್ತೆ ಬಾಗಿಲಲ್ಲಿ ನಿಂತು "ಬಾ ಕಂದಾ" ಅಂದಳು. ಚೆಲುವಿ ವ್ಯಾನಿನಿಂದ ಇಳಿದವಳು ಓಡಲಿಲ್ಲ. ನಿಂತು, ಮೊದಲು ನನ್ನ ಬಾಯಿಯನ್ನು ನೋಡಿದಳು, ಆಮೇಲೆ ಅತ್ತೆಯನ್ನು. ನಿಧಾನವಾಗಿ ಹೋದಳು. ಊಟಕ್ಕೆ ಕೂತಾಗ ಮಾವ ನಡೆದದ್ದನ್ನೆಲ್ಲ ರಸವತ್ತಾಗಿ ಹೇಳಿದರು, ನನ್ನ ಕಲೆಯನ್ನು ಹೊಗಳಿದರು, "ಜಯಾ, ಉಪ್ಪು" ಅಂದರು. ಅತ್ತೆ ಉಪ್ಪಿನ ಬಟ್ಟಲು ತಂದಿಟ್ಟು ನನ್ನ ಕಡೆ ತಿರುಗಿ, "ನನ್ನ ದನಿ ತಗೊಂಡೋಗಿ ಅಂಥ ಕೆಲಸಕ್ಕೆ ಹಾಕಿದ್ಯಾ?" ಅಂದಳು. ತಮಾಷೆಯ ಹಾಗೇ ಹೇಳಿದಳು. ನಾನೂ ನಕ್ಕೆ.

ಮೇ ತಿಂಗಳು. ಮಧ್ಯಾಹ್ನ ಸುಡುವ ಬಿಸಿಲು, ಸಂಜೆಗೆ ಆಲಿಕಲ್ಲು, ಮರಗಳಿಂದ ಬಿದ್ದ ಹೂಗಳು ಚರಂಡಿಯಲ್ಲಿ ತೇಲುತ್ತಿದ್ದವು. ಚೆಲುವಿಯ ಹೊಟ್ಟೆ ದುಂಡಗಾಯಿತು. ಮಾವ ಮಂಡಿಯಲ್ಲಿ ಎಲ್ಲರಿಗೂ ಮೈಸೂರು ಪಾಕು ಕೊಡಿಸಿದರು. ಹುಟ್ಟುವ ಹೆಣ್ಣುಮರಿಗೆ ಹೆಸರು ಹುಡುಕಿದರು, ಗೋಡೆಯ ಫೋಟೋ ಸಾಲಿನ ಕೊನೆಗೆ ಈಗಲೇ ಒಂದು ಮೊಳೆ ಹೊಡೆದರು. ನಾನು ಬಸಿರಿ ನಾಯಿಯ ನಡಿಗೆ ಅಂತ ಹೊಸ ಐಟಂ ಮಾಡಿದೆ, ಸೊಂಟದ ಮೇಲೆ ಕೈಯಿಟ್ಟುಕೊಂಡು. ಬೀದಿಯಲ್ಲಿ ಒಳ್ಳೇ ಹೆಸರು ಬಂತು.

ಒಂದು ಸಂಜೆ ಅತ್ತೆ ಚೆಲುವಿಯ ಹೊಟ್ಟೆಯ ಕೆಳಗೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದಳು.

"ನನ್ನ ಕೈಗೆ ಮರಿ ಸಿಗ್ತಿಲ್ಲ ಕಣ್ರೀ. ಇಷ್ಟೊತ್ತಿಗೆ ನಿಂಬೆಕಾಯಿ ಥರ ಸಿಗಬೇಕು. ಮಲ್ಲೇಶ್ವರಕ್ಕೆ ಹೋಗಿ ಸ್ಕ್ಯಾನ್ ಮಾಡ್ಸೋಣ."

"ಈ ಸಲ ಒಳಗೆ ಮೇಲಕ್ಕೆ ನಿಂತಿರ್ತವೆ. ನೀರು ನೋಡು ಹೆಂಗೆ ಕುಡೀತಾಳೆ. ಮರಿ ಜಾಸ್ತಿ ಇದ್ರೇನೇ ಹಂಗೆ ಕುಡಿಯೋದು."

"ಊಟ ಬಿಡ್ತಿದಾಳೆ."

"ಬಸುರೀಲಿ ಬಿಡಲ್ವಾ?"

"ನನಗೇನು ಗೊತ್ತು" ಅಂದಳು ಅತ್ತೆ.

ಆದರೂ ಮಾವ ಮಲ್ಲೇಶ್ವರಕ್ಕೆ ಹೋಗಲಿಲ್ಲ. ಮರಿಯ ಬುಟ್ಟಿ ಹಿಡಿದುಕೊಂಡು ಹೋಗುತ್ತೇನೆ ಅಂತ ಆಡಿ ಬಂದಿದ್ದರಲ್ಲ. ಖಾಲಿ ಕೈಯಲ್ಲಿ ಆ ಮೆಟ್ಟಿಲು ಹತ್ತಲು ಅವರಿಗೆ ಕಾಲು ಬರಲಿಲ್ಲ. ಹೆರಿಗೆಗೆ ಮುಂಚೆ ಮಿಷನ್ನು ಹಾಕಿಸಿದರೆ ದೃಷ್ಟಿ ಅಂತ ಒಂದು ಹೊಸ ಶಾಸ್ತ್ರವನ್ನೂ ಹುಟ್ಟಿಸಿದರು. ಅಂಥ ಶಾಸ್ತ್ರ ಎಲ್ಲೂ ಇರಲಿಲ್ಲ, ಇದ್ದಿದ್ದರೆ ನಾನು ಯಾವತ್ತೋ ಅಣಕಿಸಿರುತ್ತಿದ್ದೆ.

ಚೆಲುವಿ ಬಕೆಟ್ಟುಗಟ್ಟಲೆ ನೀರು ಕುಡಿದಳು. ಕುಡಿದಷ್ಟೂ ಅಂಗಳದಲ್ಲಿ ಉಚ್ಚೆ ಹೊಯ್ದಳು. ಹೊಟ್ಟೆ ಬಿಗಿಯಿತು, ಬೆನ್ನಿನ ಎಲುಬು ಎದ್ದಿತು. ಒಂದು ಮಧ್ಯಾಹ್ನ ಮಾವ ಮಂಡಿಯಲ್ಲಿದ್ದಾಗ ಹಸಿರಾಗಿ ವಾಂತಿ ಮಾಡಿಕೊಂಡು ಗಾರೆ ನೆಲದ ಮೇಲೆ ಉರುಳಿದಳು. ಮೈ ಕೆಂಡವಾಗಿತ್ತು. ಅತ್ತೆ ಸೆರಗು ಸಿಕ್ಕಿಸಿಕೊಂಡು, "ಆಟೋ ಕರಿ" ಅಂದಳು. ಮಾವನಿಗೆ ಫೋನು ಮಾಡಲೇ ಅಂದೆ. "ಮೊದಲು ಆಟೋ" ಅಂದಳು.

ಮೆಜೆಸ್ಟಿಕ್ಕಿನ ಹತ್ತಿರ ಗಾಡಿಗಳು ಕದಲದೆ ನಿಂತಿದ್ದವು. ಚೆಲುವಿಯ ತಲೆ ಅತ್ತೆಯ ಮಡಿಲಲ್ಲಿ, ಕಾಲು ನನ್ನ ತೊಡೆಯ ಮೇಲೆ. ಆಟೋ ಡ್ರೈವರು ಹಿಂದೆ ತಿರುಗಿ, "ಹೆರಿಗೇನಾ ಅಮ್ಮಾ?" ಅಂದ. ನಾನು ಹೂಂ ಅಂದೆ. ಪಾಪ, ಅವನು ಫುಟ್‌ಪಾತ್ ಹತ್ತಿಸಿ ಓಡಿಸಿದ.

ಡಾಕ್ಟರ್ ವಸುಧಾ ಹೊಟ್ಟೆಗೆ ಜೆಲ್ ಹಚ್ಚಿ ಯಂತ್ರ ಆಡಿಸಿದರು. ಪರದೆಯಲ್ಲಿ ಕಪ್ಪು ಚೀಲಗಳು ಒಂದರ ಪಕ್ಕ ಒಂದು ಕಂಡವು. ಇವೇ ಮರಿಗಳೇನೋ ಅಂತ ಎಣಿಸಲು ಶುರುಮಾಡಿದೆ. ಡಾಕ್ಟ್ರು ಯಂತ್ರವನ್ನು ಎತ್ತಿಟ್ಟರು.

"ಮರಿ ಇಲ್ಲ ಅಮ್ಮಾ. ಒಂದೂ ಇಲ್ಲ. ಗರ್ಭಕೋಶದ ತುಂಬ ಕೀವು. ಬೆದೆ ಆದ್ಮೇಲೆ ಬಸಿರು ನಿಲ್ಲದೇ ಹೋದ್ರೆ ವಯಸ್ಸಾದ ನಾಯಿಗಳಿಗೆ ಹೀಗಾಗುತ್ತೆ. ಈಗ್ಲೇ ತೆಗೀಬೇಕು. ತುಂಬ ತಡ ಆಗಿದೆ, ಆಸೆ ಕೊಡಲ್ಲ."

"ಮೊದಲೇ ಬಂದಿದ್ರೆ?"

ಡಾಕ್ಟ್ರು ಕೈಗೆ ಗ್ಲೋವ್ಸ್ ಹಾಕಿಕೊಳ್ಳುತ್ತಿದ್ದರು. "ಬಂದಿದ್ರೆ ಉಳೀತಿದ್ಲು ಅನ್ಸುತ್ತೆ" ಅಂದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಒಳಗೆ ಕರೆದೊಯ್ಯುವಾಗ ಅತ್ತೆ ಬಗ್ಗಿ, "ಏನಿಲ್ಲ ಕಂದಾ, ನಾನಿದೀನಲ್ಲ" ಅಂದಳು. ಚೆಲುವಿ ಕಷ್ಟಪಟ್ಟು ಕಣ್ಣು ತೆರೆದು ನನ್ನ ಕಡೆ ನೋಡಿದಳು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ, ನಾನಲ್ಲ ಅಂತ ತೋರಿಸಲು.

ಮಾವ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕ್ಲಿನಿಕ್ಕಿನ ಹೊರಗೆ ಸ್ಕೂಟರ್ ನಿಲ್ಲಿಸಿ ಅದರ ಮೇಲೇ ಕೂತುಬಿಟ್ಟರು. ಒಳಗೆ ಬನ್ನಿ ಅಂತ ಕರೆಯಲು ಹೋದೆ. ತಲೆಯಾಡಿಸಿದರು. ಅತ್ತೆ ಗಾಜಿನ ಬಾಗಿಲಿನ ಈಚೆಯಿಂದ ಅವರನ್ನು ನೋಡುತ್ತಾ ನಿಂತಿದ್ದಳು. ಸ್ಕೂಟರ್ ಮೇಲೆ ಕೂತು ಕಾಯುವ ಆ ಭಂಗಿ ಅವಳಿಗೆ ಹೊಸದಲ್ಲ.

ಚೆಲುವಿಯನ್ನು ಮಂಡಿಯ ಗೋಣಿಯಲ್ಲಿ ಸುತ್ತಿ, ಊರಿನ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದೆವು. ಗೋಡೆಯ ಮೊಳೆಗೆ ಮಾವ ಅವಳ ಫೋಟೋ ಹಾಕಲಿಲ್ಲ, ಮೊಳೆಯನ್ನು ಕೀಳಲೂ ಇಲ್ಲ. ಮನೆಯಲ್ಲಿ ಮಾತು ನಿಂತಿತು. ನಾನು ಏನಾದರೂ ಅಣಕಿಸಿ ನಗಿಸೋಣ ಅಂತ ಒಂದೆರಡು ಸಲ ಬಾಯಿ ತೆರೆದೆ. ಯಾರ ದನಿಯೂ ಬರಲಿಲ್ಲ. ನನ್ನದೇ ಬಂತು, ಅದನ್ನು ಕೇಳಿ ನನಗೇ ಗಾಬರಿಯಾಯಿತು.

ಮಳೆಗಾಲ ಶುರುವಾದ ಒಂದು ಭಾನುವಾರ ದೇಶಮುಖ್ ಫೋನು ಮಾಡಿದರು. ಮಾವನಿಗೆ ಕಿವಿ ಮಂದ, ಸ್ಪೀಕರಿಗೆ ಹಾಕಿದರು. ಅತ್ತೆ ಎದುರಿಗೆ ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಬಹಳ ವರ್ಷ ಆಸ್ಪತ್ರೆಗಳಲ್ಲಿ ಹಿಂದಿ ಮಾತಾಡುವ ಹೆಂಗಸರ ಪಕ್ಕ ಕಾದು ಕೂತು ಅವಳಿಗೂ ಹಿಂದಿ ಅರ್ಥವಾಗುತ್ತಿತ್ತು. ಆ ಗಂಭೀರ ದನಿ ಇಳಿದುಹೋಗಿತ್ತು: ನಿಮ್ಮ ನಂತರ ಇಂದೋರಿನವರೊಬ್ಬರು ಬಂದರು, ಪರೀಕ್ಷೆ ಆಗದೆ ತಮ್ಮ ನಾಯಿಯನ್ನು ಬಿಡುವುದಿಲ್ಲ ಅಂದರು, ನನಗೆ ಸಿಟ್ಟು ಬಂದು, ಬೇಕಾದರೆ ನೋಡಿಕೊಳ್ಳಿ ಅಂತ ಮಾಡಿಸಿದೆ. ಸುಲ್ತಾನನ ವೀರ್ಯದಲ್ಲಿ ಏನೂ ಇಲ್ಲ ಮುನಿರಾಜ್‌ಜೀ. ಹೋದ ವರ್ಷ ಜ್ವರ ಬಂದು ಮಲಗಿದ್ದ, ಆಗಿನಿಂದಲೇ ಇರಬೇಕು ಅಂತಾರೆ. ನೋಡೋಕೆ ಮಾತ್ರ ಹಾಗೇ ಇದ್ದ. ನಿಮ್ಮ ಹುಡುಗಿ ಹೇಗಿದ್ದಾಳೆ?

ಮಾವ ಫೋನು ಇಟ್ಟರು.

ಹೊರಗೆ ಮಳೆ ಜಿನುಗುತ್ತಿತ್ತು. ಮೊರ ನಿಂತಿತ್ತು. ಅತ್ತೆ ಅದರೊಳಗಿನ ಕಲ್ಲೊಂದನ್ನು ಆರಿಸಿ ಪಕ್ಕಕ್ಕಿಟ್ಟಳು.

"ಗಂಡಿಗೂ ಪರೀಕ್ಷೆ ಇರುತ್ತಂತೆ" ಅಂದಳು. "ಅದೇ ಮೊದಲಂತೆ. ಕೊಯ್ಯೋದಿಲ್ವಂತೆ, ನೋವಿಲ್ವಂತೆ."

ಮಾವ ನೆಲ ನೋಡುತ್ತಿದ್ದರು.

"ನನ್ನನ್ನ ಅಷ್ಟು ಆಸ್ಪತ್ರೆಗೆ ಕರ್ಕೊಂಡು ಹೋದ್ರಿ. ಬಾಗಿಲವರೆಗೂ ಬಂದ್ರಿ. ಒಂದು ಸಲಾನಾದ್ರೂ ಒಳಗೆ ಬಂದ್ರಾ?"

ದನಿ ಏರಲಿಲ್ಲ. ಆಮೇಲೆ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಆ ವಾಸನೆ ಬಂತು. ಚೆಲುವಿ ಹೋದ ಮೇಲೆ ಬೋರಲು ಹಾಕಿದ್ದ ದೊಡ್ಡ ಪಾತ್ರೆ ಒಲೆಯ ಮೇಲಿತ್ತು. ಭಾನುವಾರ ಅಂತ ಬೆಳಿಗ್ಗೆ ನಾನೇ ತಂದುಕೊಟ್ಟಿದ್ದ ಮಾಂಸ ಅದರಲ್ಲಿ ರಾಗಿಹಿಟ್ಟಿನ ಜೊತೆ ಕುದಿಯುತ್ತಿತ್ತು. ಅತ್ತೆ ಮಸಾಲೆ ಅರೆದಿರಲಿಲ್ಲ. ತಟ್ಟೆ ಹಾಕಿದಳು, ಅದನ್ನೇ ಬಡಿಸಿದಳು, ಮಾವನಿಗೆ, ನನಗೆ, ತನಗೂ. ತಟ್ಟೆಯ ಪಕ್ಕದಲ್ಲಿ ಉಪ್ಪಿನ ಬಟ್ಟಲು ಇರಲಿಲ್ಲ.

ನಾನು ಒಂದು ತುತ್ತು ಬಾಯಿಗಿಟ್ಟು ಮಾವನ ಮುಖ ನೋಡಿದೆ. ಆ ಎರಡು ಪದ ನನ್ನ ನಾಲಿಗೆಯ ತುದಿಯಲ್ಲೇ ಇದ್ದವು, ಅವರದೇ ದನಿಯಲ್ಲಿ.

ಮಾವ ತಲೆ ತಗ್ಗಿಸಿ ಊಟ ಮಾಡಿದರು. ತಟ್ಟೆ ಖಾಲಿಯಾದಾಗ ಅತ್ತೆ ಮತ್ತೆ ಬಡಿಸಿದಳು. ಅದನ್ನೂ ತಿಂದರು. ಉಪ್ಪು ಕೇಳಲಿಲ್ಲ.